ಮಳವಳ್ಳಿ ರಸ್ತೆಯ ಆಲ್ಟರ್ನೇಟರ್ ಅಂಗಡಿ

ನಮ್ಮ ಅಂಗಡಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರ ಮೊದಲ ಮಾತು ಒಂದೇ: "ಬ್ಯಾಟ್ರಿ ಓಗ್ಬುಟ್ಟದೆ ಕಣಕ್ಕ."

ಎಷ್ಟೋ ಸಲ ಬ್ಯಾಟರಿ ಹೋಗಿರುತ್ತಲೇ ಇರಲಿಲ್ಲ. ಹಸಿದಿರುತ್ತಿತ್ತು, ಅಷ್ಟೆ. ಅದಕ್ಕೆ ಉಣ್ಣಿಸಬೇಕಾದದ್ದು ಎಂಜಿನ್ನಿನ ಮಗ್ಗುಲಿಗೆ ಕಚ್ಚಿಕೊಂಡು, ಬೆಲ್ಟಿನ ಎಳೆತಕ್ಕೆ ತಿರುಗುವ ಆಲ್ಟರ್ನೇಟರ್. ಸುಲಿದ ತೆಂಗಿನಕಾಯಿಗಿಂತ ಒಂದಿಷ್ಟು ದೊಡ್ಡದು. ಗಾಡಿ ಓಡುತ್ತಿರುವಾಗ ಕರೆಂಟು ಹುಟ್ಟಿಸುವುದು, ಲೈಟು, ಹಾರನ್ನುಗಳನ್ನು ನಡೆಸಿ ಉಳಿದದ್ದನ್ನು ಬ್ಯಾಟರಿಗೆ ತುಂಬುವುದು ಅದರ ಕೆಲಸ. ಹಳಬರು ಈಗಲೂ ಅದನ್ನು ಡೈನಮೋ ಎಂದೇ ಕರೆಯುತ್ತಾರೆ. ಮದ್ದೂರಿನಲ್ಲಿ ಮಳವಳ್ಳಿಗೆ ಹೋಗುವ ರಸ್ತೆಯ ಬದಿಯ ಒಂದು ಮಳಿಗೆಯಲ್ಲಿ ಆಲ್ಟರ್ನೇಟರ್ ಬಿಚ್ಚುವುದು, ತೊಳೆಯುವುದು, ಸರಿಮಾಡುವುದು, ಸರಿಯಾಗದಿದ್ದರೆ ಬೇರೆಯದನ್ನು ಕೂರಿಸುವುದು, ಇದರಲ್ಲೇ ನನ್ನ ದುಡಿಮೆಯ ಕಾಲವೆಲ್ಲ ಕಳೆಯಿತು. ಈಗ ಬಾಗಿ ಬಾನೆಟ್ಟಿನೊಳಗೆ ಕೈ ಇಳಿಬಿಡಲು ಸೊಂಟ ಒಪ್ಪುವುದಿಲ್ಲ. ಹಾಗಾಗಿ ಬಿಟ್ಟಿದ್ದೇನೆ.

ಮೊನ್ನೆ ತರಬೇತಿ ಕೇಂದ್ರದಲ್ಲಿ ಮೋಟಾರು ಕೆಲಸ ಕಲಿಯುತ್ತಿರುವ ಹುಡುಗಿಯರು ಕೆಲವರು ಮನೆಗೆ ಬಂದಿದ್ದರು. ಅವರಲ್ಲೊಬ್ಬಳು, "ಆಂಟಿ, ಇದು ಹೆಂಗಸರಿಗೆ ಕಷ್ಟ ಅಲ್ವಾ?" ಎಂದು ಕೇಳಿದಳು. ಕಷ್ಟವೇ. ಗಂಡಸರಿಗೂ ಕಷ್ಟವೇ. ತುಕ್ಕು ಹಿಡಿದ ಬೋಲ್ಟು ಯಾರ ಕೈ ಎಂದು ನೋಡುವುದಿಲ್ಲ. ಅವಳಿಗೆ ಅಂದು ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಸಾವಕಾಶವಾಗಿ ಬರೆಯುತ್ತಿದ್ದೇನೆ.

ನಾನು ಹನಕೆರೆಯವಳು. ಎಸ್ಸೆಸ್ಸೆಲ್ಸಿ ಮುಗಿಸಿದ ಮೇಲೆ ನಿಂಗರಾಜು ಅವರಿಗೆ ಕೊಟ್ಟು ಮದುವೆ ಮಾಡಿದರು. ಅವರು ಮಂಡ್ಯದಲ್ಲಿ ಕೆಲಸ ಕಲಿತು ಮದ್ದೂರಿನಲ್ಲಿ ಸ್ವಂತ ಅಂಗಡಿ ಇಟ್ಟಿದ್ದರು. ಒಳ್ಳೆಯ ಕೈ. ಗಾಡಿ ಶುರುವಾಗುವ ಸದ್ದಿಗೇ ಕಿವಿಯಿಟ್ಟು, "ಬೇರಿಂಗ್ ಉಜ್ಜೋಗದೆ" ಎಂದು ಹೇಳಿಬಿಡುತ್ತಿದ್ದರು. ನಾನು ಮಧ್ಯಾಹ್ನದ ಊಟ ತೆಗೆದುಕೊಂಡು ಹೋಗಿ, ಅವರು ಉಣ್ಣುವವರೆಗೆ ಅಲ್ಲಿ ಕೂತಿದ್ದು ಪಾತ್ರೆ ತರುತ್ತಿದ್ದೆ. ಅಷ್ಟೇ ನನಗೂ ಆ ಅಂಗಡಿಗೂ ಇದ್ದ ಸಂಬಂಧ.

ಮದುವೆಯಾಗಿ ಕೆಲವು ವರ್ಷಗಳಾಗಿದ್ದಾಗ ಒಂದು ದಿನ ಎಂಜಿನ್ ಓಡುತ್ತಿರುವಾಗಲೇ ಬೆಲ್ಟು ನೋಡಲು ಬಾಗಿದರು. ತುಂಬುತೋಳಿನ ಅಂಗಿ. ತೋಳಿನ ಗುಂಡಿ ಬಿಚ್ಚಿಕೊಂಡಿತ್ತು. ಎಂಜಿನ್ನಿನ ಫ್ಯಾನು ಬಟ್ಟೆಯನ್ನು ಎಳೆದುಕೊಂಡಿತು, ಬಟ್ಟೆಯ ಹಿಂದೆ ಕೈ ಹೋಯಿತು. ಮಂಡ್ಯದ ಆಸ್ಪತ್ರೆಯಲ್ಲಿ ಬಲಗೈ ಉಳಿಸಿದರು. ಆದರೆ ಬೆರಳುಗಳು ಮಡಚುವುದು ನಿಂತುಹೋಯಿತು. ಸ್ಪ್ಯಾನರ್ ಹಿಡಿದರೆ ಜಾರಿ ಬೀಳುತ್ತಿತ್ತು.

ಗಾಯ ಮಾಯ್ದ ಮೇಲೂ ಅವರು ಅಂಗಡಿಯ ಕಡೆ ತಲೆ ಹಾಕಲಿಲ್ಲ. ಜಗಲಿಯ ಮೇಲೆ ಕೂತು ರಸ್ತೆಯಲ್ಲಿ ಹೋಗುವ ಗಾಡಿಗಳ ಸದ್ದು ಕೇಳುತ್ತಿದ್ದರು. ಒಂದು ಬೆಳಿಗ್ಗೆ, "ಸಾಮಾನೆಲ್ಲ ಯಾರಿಗಾದ್ರೂ ಕೊಟ್ಬುಡಾನ ಕಣಮ್ಮಿ. ಇನ್ನೇನದೆ ಅಲ್ಲಿ?" ಎಂದರು.

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. "ಕೈ ಓದ್ರೆ ತಲೆನೂ ಓಯ್ತಾ? ನೀವೇಳಿ, ನಾ ಮಾಡ್ತೀನಿ."

"ಸುಮ್ಕಿರು. ಅದೇನು ಒಲೆ ಅಚ್ಚೋ ಕೆಲ್ಸವಾ?"

"ಒಲೆ ಅಚ್ಚೋದು ನಿಮ್ಗೂ ಬರಕಿಲ್ಲ. ಮದ್ಲು ಬಾಗ್ಲು ತೆಗೀರಿ."

ತೆಗೆದರು. ಅದೇ ವಾರ ಬಂದ ಗಾಡಿ ನನ್ನ ಮೊದಲ ಕೆಲಸವಾಯಿತು. ಬಂಡೂರಿನ ಕಡೆಯಿಂದ ಕುರಿ ಸಾಗಿಸುವ ಒಂದು ಸಣ್ಣ ಟೆಂಪೊ. ಎಂಜಿನ್ನು ಸೀಟಿನ ಕೆಳಗೆ. ಸ್ವಲ್ಪ ದೂರ ಓಡಿದರೆ ಆಲ್ಟರ್ನೇಟರ್ ಮುಟ್ಟಲಾಗದಷ್ಟು ಕಾಯುತ್ತದೆ, ಚಾರ್ಜು ನಿಲ್ಲುತ್ತದೆ ಎಂಬುದು ದೂರು. ಹಿಂದೆ ಕುರಿಗಳು ಹಾಗೇ ಇದ್ದವು. ಟೆಂಪೊದವನು ನನ್ನನ್ನು ನೋಡಿ, ಅವರನ್ನು ನೋಡಿ, "ನಿಂಗಣ್ಣ, ಆಮೇಲ್ ಬರ್ಲಾ?" ಎಂದ. "ಕುಂತ್ಕಳಯ್ಯ ಸುಮ್ನೆ" ಎಂದು ಅವರು ಗದರಿದರು.

ಅವರು ಹೇಳುತ್ತಾ ಹೋದರು, ನಾನು ಮಾಡುತ್ತಾ ಹೋದೆ. ಮೊದಲು ಬ್ಯಾಟರಿಯ ಮೈನಸ್ ವೈರು ಬಿಡಿಸುವುದು. ಅದಾದ ಮೇಲೆ ಬೆಲ್ಟು ಸಡಿಲಿಸಿ ಹಿಂದಿನ ವೈರುಗಳನ್ನು, ಯಾವುದು ಎಲ್ಲಿತ್ತೆಂದು ಗುರುತಿಟ್ಟುಕೊಂಡು, ಕಳಚುವುದು. ಮೇಜಿನ ಮೇಲೆ ತಂದಿಟ್ಟು ಅದರ ಹೊರಕವಚದ ಎರಡು ಹೋಳಿನ ಮೇಲೂ ಸೀಮೆಸುಣ್ಣದಲ್ಲಿ ಒಂದೇ ಗೆರೆ ಎಳೆಯುವುದು, ತಿರುಗಿ ಜೋಡಿಸುವಾಗ ಅಡ್ಡಾದಿಡ್ಡಿ ಆಗದ ಹಾಗೆ. ಉದ್ದದ ಬೋಲ್ಟುಗಳನ್ನು ಬಿಚ್ಚಿ ಹೋಳು ಬೇರೆ ಮಾಡಿದೆ. ಒಳಗೆ ಗಾಳಿಯಾಡುವ ಕಿಂಡಿಗಳಿಗೆಲ್ಲ ಉಣ್ಣೆ! ಎಣ್ಣೆ, ದೂಳು ಕುಡಿದು ಕಂಬಳಿಯ ಹಾಗೆ ಒತ್ತಿಕೊಂಡಿತ್ತು. ಚಿಮ್ಮಟದಲ್ಲಿ ಎಳೆದಷ್ಟೂ ಬಂತು.

ಟೆಂಪೊದವನು ಬಗ್ಗಿ ನೋಡಿ ಬಾಯಿ ಬಿಟ್ಟ. "ಇದೇನಕ್ಕ, ಇದ್ರೊಳ್ಗೂ ಒಂದ್ ಮರಿ ಅದಾ?"

ನಿಂಗರಾಜು ನಕ್ಕರು. ಆಸ್ಪತ್ರೆಯಿಂದ ಬಂದ ಮೇಲೆ ಅವರು ನಕ್ಕಿದ್ದನ್ನು ನಾನು ನೋಡಿದ್ದು ಆವತ್ತೇ ಮೊದಲು. ಕಿಂಡಿಗಳನ್ನು ಬಿಡಿಸಿ, ತಿರುಗುವ ಭಾಗಕ್ಕೆ ಕರೆಂಟು ದಾಟಿಸುವ, ಸವೆದಿದ್ದ ಕಾರ್ಬನ್ ಬ್ರಷ್ ಬದಲಿಸಿ, ಅದು ಒರಗುವ ತಾಮ್ರದ ಬಳೆಗಳನ್ನು ನಯವಾದ ಉಪ್ಪುಕಾಗದದಲ್ಲಿ ಉಜ್ಜಿ, ಮತ್ತೆ ಕೂರಿಸಿದೆ. ಟೆಂಪೊ ಶುರುವಾದಾಗ ಕುರಿಗಳೆಲ್ಲ ಒಟ್ಟಿಗೆ ಅರಚಿದವು.

ಆ ಮೇಲೆ ಅವರೇ ನನ್ನ ಮೇಲಧಿಕಾರಿ. ಮನೆಯಲ್ಲಿ ಮೃದು, ಅಂಗಡಿಯಲ್ಲಿ ಬೆಂಕಿ. ನೆಲಕ್ಕೆ ಬಿದ್ದ ನಟ್ಟನ್ನು ಒರೆಸದೆ ಹಾಕಿದರೆ ಬಿಚ್ಚಿಸುತ್ತಿದ್ದರು. ಡಯೋಡುಗಳನ್ನು, ಅಂದರೆ ಕರೆಂಟನ್ನು ಒಂದೇ ಕಡೆಗೆ ಬಿಡುವ ಬಾಗಿಲುಗಳನ್ನು, ಬಲ್ಬು ಹಚ್ಚಿ ಪರೀಕ್ಷೆ ಮಾಡುವುದನ್ನು ಕಲಿಸಿದ್ದು ಅವರೇ. ವೈರು ಒಂದು ಕಡೆ ಹಿಡಿದರೆ ಬಲ್ಬು ಉರಿಯಬೇಕು, ತಿರುಗಿಸಿ ಹಿಡಿದರೆ ಉರಿಯಬಾರದು. ಎರಡೂ ಕಡೆ ಉರಿದರೂ ಕೆಟ್ಟಿದೆ, ಉರಿಯದಿದ್ದರೂ ಕೆಟ್ಟಿದೆ.

ಶುರುವಿನಲ್ಲಿ ನನಗೆ ಬೆಲ್ಟು ಬಿಗಿಯುವುದೆಂದರೆ ಬಲು ಉತ್ಸಾಹ. ಸಡಿಲವಾದರೆ ಜಾರುತ್ತದಲ್ಲ, ಅದಕ್ಕೇ ಕಬ್ಬಿಣದ ಸಲಾಕೆ ಕೊಟ್ಟು ಮೀಟಿ ತಂತಿಯ ಹಾಗೆ ಬಿಗಿದುಬಿಡುತ್ತಿದ್ದೆ. ಹಾಗೆ ಕಳಿಸಿದ ಜೀಪೊಂದು ಕೆಲವೇ ದಿನದಲ್ಲಿ ಊಳಿಡುತ್ತಾ ವಾಪಸು ಬಂತು. ಬೆಲ್ಟಿನ ಎಳೆತಕ್ಕೆ ಹೊಸ ಬೇರಿಂಗು ಪುಡಿಯಾಗಿತ್ತು. ಅವರು ಬೈಯಲಿಲ್ಲ. ನನ್ನ ಹೆಬ್ಬೆರಳನ್ನು ಹಿಡಿದು ಬೆಲ್ಟಿನ ನಡುವೆ ಒತ್ತಿಸಿ, "ಒಸಿ ಬಗ್ಬೇಕು. ಇಸ್ಟು ಬಗ್ಗುದ್ರೆ ಅದಕ್ಕೂ ಉಸ್ರಾಡಕೆ ಆಯ್ತದೆ" ಎಂದರು. ಬಹಳ ವರ್ಷ ನನ್ನ ಅಳತೆ ಆ ಹೆಬ್ಬೆರಳೇ.

ಇನ್ನು ಮಾದೇವನ ಬಸ್ಸಿನ ಕಥೆ. ಅದನ್ನು ಹೇಳದೆ ನನ್ನ ಕೆಲಸದ ಬಗ್ಗೆ ಹೇಳಿದಂತಾಗುವುದಿಲ್ಲ.

ಮಳವಳ್ಳಿಯಿಂದ ಮದ್ದೂರಿನ ಮೇಲೆ ಮಂಡ್ಯಕ್ಕೆ ಹೋಗಿ ಬರುವ ಒಂದು ಖಾಸಗಿ ಬಸ್ಸಿತ್ತು. ಮಾಲೀಕರು ಚೆನ್ನಪ್ಪಗೌಡರು ಎಂಬುವರು, ಡ್ರೈವರ್ ಮಾದೇವ. ಮಾದೇವ ಆ ಬಸ್ಸನ್ನು ಸ್ವಂತದ್ದೆನ್ನುವ ಹಾಗೆ ನೋಡಿಕೊಳ್ಳುತ್ತಿದ್ದ. ಬೆಳಿಗ್ಗೆ ಗಾಜು ಒರೆಸಿ, ಚಕ್ರಕ್ಕೊಂದು ನಿಂಬೆಹಣ್ಣು ಇಟ್ಟು ಹೊರಡುವವನು. ಅವನಿಗೊಂದು ಚಟವೆಂದರೆ ಹಾಡು. ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗಲೂ ಹಾಡು ಓಡುತ್ತಲೇ ಇರಬೇಕು.

ಆ ಬಸ್ಸಿನ ಬ್ಯಾಟರಿ ಇದ್ದಕ್ಕಿದ್ದಂತೆ ಖಾಲಿಯಾಗತೊಡಗಿತು. ಬೆಳಿಗ್ಗೆ ಜನ ಇಳಿದು ತಳ್ಳಬೇಕಾಗುತ್ತಿತ್ತು. ನಾನು ಆಲ್ಟರ್ನೇಟರ್ ಬಿಚ್ಚಿ ನೋಡಿದರೆ ಡಯೋಡುಗಳು ಸುಟ್ಟುಹೋಗಿದ್ದವು. ಬದಲಿಸಿ ಕೊಟ್ಟೆ. ಮೇಜಿನ ಮೇಲೆ ಚೆನ್ನಾಗಿ ಓಡಿತು, ಬಸ್ಸಿಗೆ ಹಾಕಿ ನಿಂತಲ್ಲೇ ಎಂಜಿನ್ ಓಡಿಸಿದಾಗಲೂ ಓಡಿತು. ವಾರ ಕಳೆಯುವುದರೊಳಗೆ ಮತ್ತೆ ಅದೇ. ಕೊನೆಗೆ ಇಡೀ ಆಲ್ಟರ್ನೇಟರನ್ನೇ ತೆಗೆದು ಹೊಸದು ಹಾಕಿದೆವು. ಹೊಸದೂ ಸುಟ್ಟುಹೋಯಿತು. ಅದರ ಡಯೋಡುಗಳನ್ನೂ ಬದಲಿಸಿ ಕಳಿಸಿದೆ.

ಚೆನ್ನಪ್ಪಗೌಡರಿಗೆ ಕಾರಣ ಹುಡುಕುವ ಕಷ್ಟವೇ ಇರಲಿಲ್ಲ. ಮಳವಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಎಲ್ಲರ ಎದುರಿಗೇ ಮಾದೇವನಿಗೆ ಅಂದರಂತೆ: "ಬಸ್ಸೋಡ್ಸಕೆ ಬಂದಿದ್ದೀಯೋ, ಹಾಡ್ ಕೇಳಕೆ ಬಂದಿದ್ದೀಯೋ? ಇನ್ನೊಂದ್ ಸಾರಿ ಗಾಡಿ ತಳ್ಳುಸ್ದೆ ಅಂದ್ರೆ ಬೀಗದ ಕೈ ಕೊಟ್ಟು ಮನೆಗ್ ನಡಿ."

ಮಾದೇವ ಮರುದಿನ ಮದ್ದೂರಿನಲ್ಲಿ ಬಸ್ಸು ನಿಂತ ಹೊತ್ತಿನಲ್ಲಿ ನಮ್ಮ ಅಂಗಡಿಗೆ ಓಡಿಬಂದ. ಮುಖ ಬಾಡಿತ್ತು. "ಅಕ್ಕ, ಹಾಡಿನ್ ಡಬ್ಬ ಬಿಚ್ಚಿ ಮನೇಲ್ ಇಟ್ಬುಟ್ಟು ಬಂದೀನಿ. ಆದ್ರೂ ಕತ್ಲೆ ಆಯ್ತಿದ್ದಂಗೆ ಲೈಟು ಮಂಕಾಯ್ತವೆ. ನಂಗೆ ಈ ಕೆಲ್ಸ ಬುಟ್ರೆ ಇನ್ನೊಂದ್ ಬರಕಿಲ್ಲ. ಏನಾರ ಮಾಡಕ್ಕ."

ಅವನ ಕೆಲಸವೊಂದೇ ಅಲ್ಲ, ನಮ್ಮ ಕೆಲಸದ ಮಾನವೂ ಅದರಲ್ಲಿತ್ತು. ಅವನು ಹೋದ ಮೇಲೆ ನಾನು ಹೇಳಿದೆ: "ಇಲ್ಲಿ ನಿಲ್ಸಿದ್ರೆ ಸರಿಯಾಗಿರ್ತದೆ, ಓಡುದ್ರೆ ಕೆಡ್ತದೆ. ನಾನು ಬಸ್ಸಲ್ಲೇ ಓಯ್ತೀನಿ. ಓಡೋವಾಗ ನೋಡ್ತೀನಿ."

"ಬಸ್ಸಿನ್ ಮೂತಿ ಮುಂದೆ ಕುಂತ್ಕಂಡು ಮೀಟ್ರು ನೋಡ್ತೀಯಾ? ಜನ ಏನಂದಾರು?"

"ಟಿಕೀಟ್ ತಗಂಡೋಳು ಎಲ್ ಕುಂತ್ರೆ ಏನಂತೆ?"

ಅವರು ತಲೆಯಾಡಿಸಿದರು. ಆದರೆ ಆ ಸಂಜೆ ಎಡಗೈಯಲ್ಲೇ ಕಷ್ಟಪಟ್ಟು ಮುಳ್ಳಿನ ಮೀಟರಿಗೆ ಉದ್ದನೆಯ ವೈರುಗಳನ್ನು ಕಟ್ಟಿ, ಫ್ಯಾನಿಗೆ ಸಿಗದಂತೆ ಅವುಗಳನ್ನು ಹೇಗೆ ಕಟ್ಟಿಹಾಕಬೇಕೆಂದು ತೋರಿಸಿದರು. ಏನಕ್ಕಾದರೂ ಇರಲಿ ಎಂದು ಒಂದಷ್ಟು ದಪ್ಪ ಕೇಬಲ್ಲನ್ನೂ ಚೀಲಕ್ಕೆ ಹಾಕಿದರು.

ಬೆಳಿಗ್ಗೆ ಮಳವಳ್ಳಿಗೆ ಹೋಗಿ ಹೊರಡುವ ಜಾಗದಿಂದಲೇ ಹತ್ತಿದೆ. ಆ ಬಸ್ಸಿನ ಎಂಜಿನ್ನು ಡ್ರೈವರಿನ ಪಕ್ಕದಲ್ಲೇ, ಬಾನೆಟ್ಟಿನ ಕೆಳಗೆ. ಬ್ಯಾಟರಿಯಿಂದ ವೈರು ತಂದು ಮೀಟರನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಅರ್ಧ ಬಸ್ಸು ಖಾಲಿ. ಮುಳ್ಳು ಏರಿ ನಿಂತದ್ದು ಅಲುಗಾಡಲಿಲ್ಲ. ಸೊಪ್ಪಿನ ಕುಕ್ಕೆ ಇಟ್ಟುಕೊಂಡು ಎದುರಿಗೆ ಕೂತಿದ್ದ ಹೆಂಗಸೊಬ್ಬಳು ಬಹಳ ಹೊತ್ತು ನೋಡಿ ಕೇಳಿದಳು:

"ಅದೇನವ್ವ ಅದು, ಬೀಪಿ ನೋಡ್ತಿದ್ದೀಯಾ?"

"ಊಂ ಕಣಕ್ಕ. ಬಸ್ಸಿಗೆ."

"ಅಯ್ಯೋ ಸಿವ್ನೆ! ಎಸ್ಟದೆ?"

"ಇನ್ನೂ ಚೆನ್ನಾಗದೆ."

ಮದ್ದೂರಿನವರೆಗೂ ಚೆನ್ನಾಗಿಯೇ ಇತ್ತು. ಮಾದೇವ ಕಣ್ಣಂಚಿನಲ್ಲಿ ನನ್ನನ್ನೇ ನೋಡುತ್ತಿದ್ದ. ನನಗೂ ಒಳಗೊಳಗೇ ಅಳುಕು. ಏನೂ ಕಾಣದೆ ಮಂಡ್ಯ ಮುಟ್ಟಿದರೆ ಅವನಿಗೆ ಏನು ಹೇಳುವುದು? ಮದ್ದೂರಿನಲ್ಲಿ ಕಾಲೇಜಿನ ಮಕ್ಕಳು, ಕಚೇರಿಯವರು ನುಗ್ಗಿ ಬಸ್ಸು ಕಿಕ್ಕಿರಿಯಿತು. ಭಾರ ತುಂಬಿದ ಬಸ್ಸನ್ನು ಮಾದೇವ ಕ್ಲಚ್ ಬಿಟ್ಟು ಎಳೆಸಿದ. ಎಂಜಿನ್ನು ಒಂದು ಮಗ್ಗುಲಿಗೆ ವಾಲಿ ಗುಟುರು ಹಾಕಿತು. ಆ ಕ್ಷಣಕ್ಕೆ ಮುಳ್ಳು ಧೊಪ್ಪನೆ ಬಿತ್ತು. ಬಸ್ಸು ಓಟ ಹಿಡಿದ ಮೇಲೆ ತಾನೇ ಎದ್ದು ನಿಂತಿತು.

ಮುಂದಿನ ನಿಲ್ದಾಣದಲ್ಲೂ ಅದೇ. ಅದರ ಮುಂದೆಯೂ ಅದೇ. ಎಳೆಯುವಾಗ ಬೀಳುತ್ತದೆ, ಓಟದಲ್ಲಿ ಏಳುತ್ತದೆ.

"ಮಾದೇವಣ್ಣ, ಅನ್ಕೆರೇಲಿ ನಿಲ್ಸಿ ಎಂಜಿನ್ ಆಫ್ ಮಾಡು" ಎಂದೆ.

"ಆಫ್ ಮಾಡುದ್ರೆ ತಿರ್ಗಾ ಸ್ಟಾರ್ಟ್ ಆಗ್ದೇ ಓದ್ರೆ?"

"ನಾನೇ ತಳ್ತೀನಿ. ಮಾಡು."

ಹನಕೆರೆ ನನ್ನ ತವರು. ಬಸ್ಸು ನಿಂತು, ನಾನು ಬಾನೆಟ್ಟು ಎತ್ತಿ ತಲೆ ಒಳಗಿಟ್ಟಿದ್ದೇನೆ. ಹಿಂದಿನಿಂದ ನನ್ನ ಸೋದರಮಾವನ ದನಿ: "ಇದ್ಯಾರು, ನಮ್ ಜಯನಾ? ಬಸ್ಸೊಳ್ಗೆ ಏನ್ ಬೀಳುಸ್ಕಂಡ್ಯವ್ವ?"

"ಮಾವ, ಒಸಿ ಬೆಳ್ಕು ಬುಡಿ" ಎಂದಷ್ಟೇ ಹೇಳಿ ಆಲ್ಟರ್ನೇಟರಿನಿಂದ ಬ್ಯಾಟರಿಯ ಕಡೆ ಹೋಗುವ ದಪ್ಪ ವೈರನ್ನು ಉದ್ದಕ್ಕೂ ಬೆರಳಲ್ಲಿ ಹಿಸುಕುತ್ತಾ ಹೋದೆ. ಹೊರಗಿನ ಹೊದಿಕೆ ಎಲ್ಲೂ ಹರಿದಿರಲಿಲ್ಲ. ವೈರನ್ನು ಹಿಡಿದಿದ್ದ ಕಬ್ಬಿಣದ ಪಟ್ಟಿಯ ಹಿಂದೆ, ಕಣ್ಣಿಗೆ ಕಾಣದ ಕಡೆ ಗೇಣುದ್ದ ಜಾಗ ಬೆಂದ ನುಗ್ಗೆಕಾಯಿಯ ಹಾಗೆ ಮೆತ್ತಗಿತ್ತು. ಬ್ಯಾಟರಿಯ ವೈರು ಬಿಡಿಸಿ, ಅಲ್ಲಿ ಕುಯ್ದು ನೋಡಿದೆ. ಒಳಗಿನ ತಾಮ್ರದ ಎಳೆಗಳು ಹಸಿರುಗಟ್ಟಿ ತುಂಡಾಗಿದ್ದವು. ನಿಂತಾಗ ತುದಿಗೆ ತುದಿ ತಾಗಿಕೊಂಡು ಕರೆಂಟು ಹರಿಯುತ್ತಿತ್ತು. ತುಂಬಿದ ಬಸ್ಸನ್ನು ಎಳೆಯುವಾಗ ಎಂಜಿನ್ನು ವಾಲಿ ವೈರನ್ನು ಜಗ್ಗಿದರೆ ತುದಿಗಳು ಬಿಟ್ಟುಕೊಳ್ಳುತ್ತಿದ್ದವು. ಹರಿಯುತ್ತಿದ್ದ ಕರೆಂಟಿಗೆ ದಾರಿ ತಪ್ಪಿದ ಕೂಡಲೇ ಅದು ಉಕ್ಕಿ ಡಯೋಡುಗಳನ್ನು ಸುಡುತ್ತಿತ್ತು. ನಾವು ಇಷ್ಟು ದಿನ ಸುಟ್ಟದ್ದನ್ನು ಬದಲಿಸುತ್ತಿದ್ದೆವು, ಸುಡುವುದನ್ನು ಮುಟ್ಟಿಯೇ ಇರಲಿಲ್ಲ.

ಚೀಲದಲ್ಲಿದ್ದ ಕೇಬಲ್ಲನ್ನು ಆ ಜಾಗಕ್ಕೆ ಹಾಕಿದೆ. ಒಳಗಿದ್ದವರು ಗೊಣಗುತ್ತಿದ್ದರು. ನನ್ನ ಮಾವ ಕಿಟಕಿಯ ಬಳಿ ಹೋಗಿ, "ನಮ್ಮುಡ್ಗಿ ರಿಪೇರಿ ಮಾಡ್ತಾವ್ಳೆ, ಒಸಿ ತಡ್ಕಳಿ" ಎಂದು ಎಲ್ಲರಿಗೂ ಸಾರಿದರು. ಮಾದೇವ ಕೀ ತಿರುಗಿಸಿದ. ಎಂಜಿನ್ನು ಹತ್ತಿಕೊಂಡಿತು. ಅಲ್ಲಿಂದ ಮಂಡ್ಯದವರೆಗೆ ಅವನು ಎಷ್ಟು ಸಲ ನಿಲ್ಲಿಸಿ ಎಳೆಸಿದರೂ ಮುಳ್ಳು ಬೀಳಲಿಲ್ಲ.

ಮಂಡ್ಯದಲ್ಲಿ ಜನ ಇಳಿದ ಮೇಲೆ ಮಾದೇವ ಸ್ಟೀರಿಂಗಿಗೆ ಹಣೆ ಹಚ್ಚಿ ಸ್ವಲ್ಪ ಹೊತ್ತು ಹಾಗೇ ಕೂತ. ನಾನು ವೈರು ಸುತ್ತುವ ನೆಪದಲ್ಲಿ ಬೇರೆ ಕಡೆ ತಿರುಗಿದೆ. ಆಮೇಲೆ ಡಬ್ಬಿ ತೆರೆದು ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ಮುಂದಿಟ್ಟ. "ತಿನ್ನಕ್ಕ. ಎಲ್ಡ್ ದಿನದಿಂದ ಗಂಟ್ಲಲ್ಲಿ ಇಳ್ದಿರ್ನಿಲ್ಲ." ಇಬ್ಬರೂ ಬಸ್ಸಿನ ಮೆಟ್ಟಿಲ ಮೇಲೆ ಕೂತು ತಿಂದೆವು.

ಮರುದಿನ ಚೆನ್ನಪ್ಪಗೌಡರು ಮಾದೇವನನ್ನು ಜೊತೆಗೆ ಕರೆದುಕೊಂಡು ಅಂಗಡಿಗೆ ಬಂದರು. ಆ ಹಳೆಯ ವೈರಿನ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಮಾದೇವನ ಕಡೆ ತಿರುಗಿ, "ಹಾಡಿಂದಲ್ಲ ಅಂತ ಅವತ್ತೇ ಏಳಕೆ ನಿಂಗೆ ಬಾಯಿರ್ನಿಲ್ವೇನ್ಲಾ?" ಎಂದು ಗದರಿದರು.

"ಏಳುದ್ನಲ್ಲ ಗೌಡ್ರೆ. ನೀವ್ ಕೇಳುಸ್ಕಳ್ನಿಲ್ಲ."

ನಿಂಗರಾಜು ನಗು ತಡೆಯಲು ಮುಖ ಆಚೆ ತಿರುಗಿಸಿದರು. ಗೌಡರು ವೈರಿನ ತುಂಡನ್ನು ಮೇಜಿನ ಮೇಲಿಟ್ಟು, "ಆಯ್ತು. ನಿನ್ ಹಾಡಿನ್ ಡಬ್ಬ ತಂದು ಹಾಕ್ಕ. ಬಸ್ಸು ಬಿಕೋ ಅಂತದೆ" ಎಂದರು. ಕ್ಷಮೆ ಕೇಳುವುದು ಅವರಿಗೆ ಬರುತ್ತಿದ್ದದ್ದು ಅಷ್ಟೇ. ಮಾದೇವನಿಗೆ ಅಷ್ಟು ಸಾಕಾಯಿತು. ಅವನು ಇಳಿವಯಸ್ಸಿನವರೆಗೂ ಆ ದಾರಿಯಲ್ಲೇ ಬಸ್ಸು ಓಡಿಸಿದ. ನಮ್ಮ ಅಂಗಡಿಯ ಮುಂದೆ ಹಾದಾಗಲೆಲ್ಲ ಹಾರನ್ ಒತ್ತದೆ ಹೋದವನಲ್ಲ.

ಆಮೇಲೆ ಕಾಲ ಬದಲಾಯಿತು. ಮೊದಮೊದಲು ಸುಟ್ಟ ತಂತಿಯನ್ನು ಬಿಚ್ಚಿ ಹೊಸ ತಾಮ್ರದ ತಂತಿ ಸುತ್ತುತ್ತಿದ್ದೆವು. ನನಗೆ ಬಹಳ ಇಷ್ಟದ ಕೆಲಸ ಅದು, ಹೂ ಕಟ್ಟಿದ ಹಾಗೆ. ಬರಬರುತ್ತಾ ಯಾರಿಗೂ ಅಷ್ಟು ಕಾಯುವ ಪುರುಸೊತ್ತಿಲ್ಲದೆ ಹೋಯಿತು. ಕೆಟ್ಟದ್ದನ್ನು ಕೊಟ್ಟು ಸಿದ್ಧವಾಗಿರುವುದನ್ನು ಕೂರಿಸಿಕೊಂಡು ಹೋಗುವುದೇ ರೂಢಿಯಾಯಿತು. ಬೆಲ್ಟು ತಾನೇ ಬಿಗಿ ಹಿಡಿದುಕೊಳ್ಳುವ ಗಾಡಿಗಳು ಬಂದವು, ನನ್ನ ಹೆಬ್ಬೆರಳಿಗೆ ಕೆಲಸ ಕಡಿಮೆಯಾಯಿತು. ಬೇಸರವೇನೂ ಆಗಲಿಲ್ಲ. ಬೆನ್ನಿಗೆ ಅದು ಸುಖವೇ.

ಒಮ್ಮೆ ಹೊಸ ಮಾದರಿಯ ಕಾರೊಂದು ಬಂತು. ಮೀಟರ್ ಹಿಡಿದರೆ ಒಂದು ಗಳಿಗೆ ಚಾರ್ಜು ಮಾಡುತ್ತದೆ, ಇನ್ನೊಂದು ಗಳಿಗೆ ಸುಮ್ಮನಾಗುತ್ತದೆ. ನಾವಿಬ್ಬರೂ ವೈರನ್ನೆಲ್ಲ ಹಿಸುಕಿ ನೋಡಿದೆವು. ಎಲ್ಲ ಗಟ್ಟಿ. ಆಲ್ಟರ್ನೇಟರ್ ಬದಲಿಸುವುದೇ ಸರಿ ಎಂದುಕೊಂಡು, ಅದಕ್ಕೆ ಮೊದಲು ಮಂಡ್ಯದ ವರ್ಕ್‌ಶಾಪೊಂದರಲ್ಲಿದ್ದ ಪರಿಚಯದ ಹುಡುಗಿಗೆ ಫೋನು ಮಾಡಿದೆ. ಅವಳು ನಕ್ಕು, "ಬಿಚ್ಬೇಡಿ ಆಂಟಿ, ಅದು ಕೆಟ್ಟಿಲ್ಲ. ಬ್ಯಾಟ್ರಿ ತುಂಬಿದ್ರೆ ಗಾಡೀಲಿರೋ ಕಂಪ್ಯೂಟ್ರೇ ಅದನ್ನ ಸುಮ್ನಿರ್ಸುತ್ತೆ. ಹೆಡ್‌ಲೈಟ್ ಹಾಕಿ ನೋಡಿ" ಎಂದಳು. ಹಾಕಿದೆ. ಕೂಡಲೇ ಎದ್ದು ಕೆಲಸ ಶುರುಮಾಡಿತು. "ನಮ್ಗಿಂತ ಬುದ್ಧಿವಂತ ಕಣಮ್ಮಿ ಇದು. ಹೊಟ್ಟೆ ತುಂಬುದ್ ಮೇಲೆ ಉಣ್ಣುಸಕಿಲ್ಲ" ಎಂದು ನಿಂಗರಾಜು ಬೆರಗಾದರು. ಆ ಹುಡುಗಿಯರಿಗೆ ಇದೆಲ್ಲ ತರಬೇತಿ ಕೇಂದ್ರದಲ್ಲೇ ಹೇಳಿಕೊಡುತ್ತಾರೆ. ನಾವು ಹೀಗೆ ಒಬ್ಬರನ್ನೊಬ್ಬರು ಕೇಳಿ ಕಲಿತೆವು. ಕೇಳುವುದಕ್ಕೆ ನಾಚಿಕೆ ಪಟ್ಟಿದ್ದರೆ ಆವತ್ತು ಚೆನ್ನಾಗಿದ್ದದ್ದನ್ನು ಬಿಚ್ಚಿ ಕೆಡಿಸುತ್ತಿದ್ದೆ.

ಅಂಗಡಿ ಬಿಡುವುದೆಂದು ನಿಶ್ಚಯ ಮಾಡಿದ ಮೇಲೆ ಕೊನೆಯ ದಿನ ಯಾವುದೆಂದು ಯಾರಿಗೂ ಹೇಳಿರಲಿಲ್ಲ. ಆ ದಿನ ಸಾಮಾನುಗಳನ್ನು ಪೆಟ್ಟಿಗೆಗೆ ಹಾಕುತ್ತಿದ್ದೆವು. ಮಧ್ಯಾಹ್ನದ ಹೊತ್ತಿಗೆ ಹಳೆಯ ಕಾರೊಂದು ಬಂದು ನಿಂತಿತು. ಸೋಮನಹಳ್ಳಿಯ ಕಾರ್ಖಾನೆಯಲ್ಲಿ ಕೆಲಸ ಮಾಡುವ ಒಬ್ಬಾತ, ತಾಯಿಯನ್ನು ಮಳವಳ್ಳಿಯ ತಂಗಿಯ ಮನೆಗೆ ಕರೆದೊಯ್ಯುತ್ತಿದ್ದ. ತಂಗಿಗೆ ಹೆರಿಗೆಯಾಗಿತ್ತು. ಮುದುಕಿಯ ಮಡಿಲಲ್ಲಿ ಬಾಣಂತಿಗೆ ಕಟ್ಟಿದ ಗಂಟುಗಳು. ಆಲ್ಟರ್ನೇಟರ್ ಪೂರ್ತಿ ಕೈಕೊಟ್ಟಿತ್ತು. "ಇವತ್ತು ಆಗಕಿಲ್ಲ ಅಂದ್ರೆ ಏಳ್ಬುಡಿ ಅಕ್ಕ, ಬಸ್ಸಲ್ಲೇ ಓಯ್ತೀವಿ" ಎಂದ ಮಗ.

ನಿಂಗರಾಜು ನನ್ನ ಮುಖ ನೋಡಿದರು. ನಾನು ಪೆಟ್ಟಿಗೆಯಿಂದ ಸ್ಪ್ಯಾನರುಗಳನ್ನು ಮತ್ತೆ ತೆಗೆದೆ. ಆ ಕಾರಿಗೆ ಒಪ್ಪುವ ಆಲ್ಟರ್ನೇಟರ್ ಒಂದು ನಮ್ಮಲ್ಲೇ ಉಳಿದಿತ್ತು. ಅವರು ದೀಪ ಹಿಡಿದರು, ನಾನು ಹಳೆಯದನ್ನು ಇಳಿಸಿ ಹೊಸದನ್ನು ಕೂರಿಸಿದೆ. ಬೆಲ್ಟು ಹಾಕುವಾಗ ಸೊಂಟ ಹಿಡಿದುಕೊಂಡಿತು, ಒಂದು ಕ್ಷಣ ನಿಂತು ಮತ್ತೆ ಬಾಗಿದೆ. ಎಲ್ಲ ಬಿಗಿದು, ಬ್ಯಾಟರಿಯ ವೈರು ಹಾಕಿ, ಮಗನಿಗೆ ಕೀ ತಿರುಗಿಸಲು ಹೇಳಿದೆ. ಸ್ಟೀರಿಂಗಿನ ಹಿಂದೆ ಬ್ಯಾಟರಿಯ ಗುರುತಿನ ಪುಟ್ಟ ಕೆಂಪು ದೀಪ ಹತ್ತಿಕೊಂಡಿತು. ಎಂಜಿನ್ನು ಶುರುವಾದ ಕೂಡಲೇ ಆರಿತು.

ಮುಂದಿನ ಸೀಟಿನಲ್ಲಿದ್ದ ಮುದುಕಿ ಗಾಬರಿಯಾಗಿ ನನ್ನ ಕೈ ಹಿಡಿದುಕೊಂಡಳು. "ದೀಪ ಆರೋಯ್ತಲ್ಲವ್ವ!"

"ಆರ್ಬೇಕು ಕಣವ್ವ. ಅದು ಆರುದ್ರೆ ಎಲ್ಲ ಸರಿಯಾಗದೆ ಅಂತ. ಧೈರ್ಯವಾಗಿ ಓಗಿ, ಮಗೀನ ನೋಡಿ."

ಮುದುಕಿ ಗಂಟು ಬಿಚ್ಚಿ ನಮ್ಮಿಬ್ಬರ ಕೈಗೂ ಒಂದೊಂದು ಅಂಟಿನುಂಡೆ ಇಟ್ಟಳು. ಕೈಯೆಲ್ಲ ಗ್ರೀಸು ಎಂದರೂ ಬಿಡಲಿಲ್ಲ. ಕಾರು ಮಳವಳ್ಳಿಯ ಕಡೆ ತಿರುಗಿ, ಲಾರಿಗಳ ನಡುವೆ ಸೇರಿಕೊಂಡು ಮರೆಯಾಯಿತು. ನಾವು ಅಂಗಡಿಯ ಬಾಗಿಲಲ್ಲಿ ನಿಂತೇ ಉಂಡೆ ತಿಂದೆವು.

"ಸದ್ದು ಕೇಳುದ್ಯಾ?" ಎಂದರು ಅವರು.

"ಕೇಳ್ದೆ."

"ಚೆನ್ನಾಗಿ ಕೂರ್ಸಿದ್ದೀಯ ಕಣಮ್ಮಿ" ಎಂದು ಹೇಳಿ, ಕೈ ಒರೆಸಿಕೊಂಡು ಶಟರ್ ಎಳೆಯಲು ಹೋದರು.